ಗುಡ್ಡಕ್ಕೆ ನೀವೇ ಕರೆದುಕೊಂಡು ಹೋಗಿ
ರಾಯಚೂರು ಸೀಮೆಯ ತಾಯಿ-ತಂದೆಯರಿಗೊಂದು ಬಹಿರಂಗ ಪತ್ರ



ನಾನು ನೀರಮಾನ್ವಿಯವಳು. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಲೇ ವಯಸ್ಸಾಯಿತು, ಈಗ ನಿವೃತ್ತಳು. ಈ ಪತ್ರ ಓದುವವರಲ್ಲಿ ಕೆಲವರು ನನ್ನ ಕೈಯಲ್ಲೇ ಅಕ್ಷರ ತಿದ್ದಿದವರೂ ಇರಬಹುದು. ಆ ಸಲಿಗೆಯಿಂದ ಒಂದು ಮಾತು ಕೇಳಿಕೊಳ್ಳುತ್ತೇನೆ. ಈ ಚಳಿಗಾಲ ಮುಗಿಯುವುದರೊಳಗೆ ನಿಮ್ಮ ಮಕ್ಕಳನ್ನು ಒಂದು ದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಯಾರ ಜೊತೆಗೋ ಕಳಿಸಿಕೊಡಬೇಡಿ. ನೀವೇ ಹೋಗಿ, ನೀವೂ ಹತ್ತಿ.

ನಮ್ಮದು ಬಯಲುಸೀಮೆ, ಇಲ್ಲಿ ನೋಡುವುದೇನಿದೆ ಎಂದು ನಾವೇ ಅಂದುಕೊಂಡುಬಿಟ್ಟಿದ್ದೇವೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಹತ್ತಿ, ಜೋಳ, ತೊಗರಿ, ಕಾಲುವೆ ಬಂದ ಕಡೆ ಭತ್ತ. ಆ ಎರೆಹೊಲಗಳ ನಡುವೆ ಒಮ್ಮೆಲೇ ಗುಂಡಿನ ಮೇಲೆ ಗುಂಡು ಏರಿಸಿಟ್ಟ ಹಾಗೆ ಕಲ್ಲುಗುಡ್ಡಗಳು ಎದ್ದು ನಿಂತಿವೆ. ರಾಯಚೂರಿನಿಂದ ಕಲ್ಲೂರು ದಾಟಿ ಮಾನ್ವಿಯ ಕಡೆ ಬರುವ ಬಸ್ಸಿನ ಕಿಟಕಿಯಿಂದ ದಿನಾಲೂ ಅವನ್ನು ನೋಡುತ್ತೇವೆ. ನಮ್ಮೂರಿನ ಯಲ್ಲಮ್ಮನ ಜಾತ್ರೆಗೆ ಬಂದವರು ಗುಡಿಗೆ ಕೈಮುಗಿದು, ಬೆಂಡು-ಬತ್ತಾಸು ಕಟ್ಟಿಸಿಕೊಂಡು ಬಂದ ದಾರಿಯಲ್ಲೇ ಹೊರಟುಬಿಡುತ್ತಾರೆ. ರಜೆ ಬಂದರೆ ಹಂಪಿಗೆ ಹೋಗುತ್ತೇವೆ, ಅಂಜನಾದ್ರಿಯ ಮೆಟ್ಟಿಲು ಹತ್ತಿ ಬರುತ್ತೇವೆ. ಹೋಗಿ ಬನ್ನಿ, ಅದೂ ಒಳ್ಳೆಯದೇ. ಆದರೆ ಮೆಟ್ಟಿಲು ಕಟ್ಟಿದ ಬೆಟ್ಟದಲ್ಲಿ ಮಗುವಿಗೆ ಕಾಲಿಗಷ್ಟೇ ಕೆಲಸ. ಮೆಟ್ಟಿಲಿಲ್ಲದ ಗುಡ್ಡದಲ್ಲಿ ಕಣ್ಣು, ಕೈ, ಕಾಲು ಮೂರೂ ಒಟ್ಟಿಗೆ ದುಡಿಯಬೇಕು. ಮುಂದಿನ ಹೆಜ್ಜೆ ಎಲ್ಲಿ ಇಡಬೇಕೆಂಬುದನ್ನು ಮಗು ತಾನೇ ಹುಡುಕಬೇಕು.

ನಾನು ಹೊಸದೇನನ್ನೂ ಕೇಳುತ್ತಿಲ್ಲ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವಲ್ಲ. ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಕೂತು ಸಜ್ಜಿ ರೊಟ್ಟಿ, ಭರ್ತ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಣ್ಣುತ್ತೇವೆ. ಪಟ್ಟಣ ಸೇರಿದ ಅಣ್ಣತಮ್ಮಂದಿರೂ ಆ ದಿನ ಊರಿಗೆ ಬರುತ್ತಾರೆ. ಅದೇ ಬುತ್ತಿ, ಅದೇ ಮಂದಿ, ಇನ್ನೊಂದು ಭಾನುವಾರ ಹೊಲದ ಬದಲು ಗುಡ್ಡ. ನಾನು ಕೇಳುವುದು ಇಷ್ಟೇ.

ನಿಮ್ಮ ಅಂಜಿಕೆ ನನಗೆ ಗೊತ್ತು. ಹಾವಿದೆ, ಚೇಳಿದೆ, ಜಿಲ್ಲೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಕಂಡ ಸುದ್ದಿ ಆಗಾಗ ಬರುತ್ತದೆ. ಜಾರಿ ಬಿದ್ದರೆ ಗತಿಯೇನು? ಅದಕ್ಕೇ ಮನೆಮನೆಯಲ್ಲೂ ಒಂದೇ ಮಾತು: “ಗುಡ್ಡದ ಕಡಿ ಹೋದ್ರ ಕಾಲು ಮುರೀತೀನಿ ನೋಡು.” ಈ ಮಾತಿನಿಂದ ಮಕ್ಕಳು ಗುಡ್ಡಕ್ಕೆ ಹೋಗುವುದು ನಿಂತಿದೆಯೇ? ಇಲ್ಲ. ಹೇಳಿ ಹೋಗುವುದು ನಿಂತಿದೆ.

ನಮ್ಮ ಓಣಿಯ ಹುಡುಗನೊಬ್ಬ, ಎಂಟನೆಯ ತರಗತಿಯವನು, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗೆಳೆಯರೊಂದಿಗೆ ಗುಡ್ಡ ಹತ್ತಿದ. ಕೇಳಿದರೆ ಬೈಗುಳ ಖಚಿತ, ಆದ್ದರಿಂದ ಕೇಳದೆಯೇ ಹೋಗಿದ್ದ. ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಮೊಬೈಲ್, ನೀರಿನ ಬಾಟಲಿ ಇರಲಿಲ್ಲ. ಫೋಟೊಕ್ಕೆಂದು ದೊಡ್ಡದೊಂದು ಗುಂಡಿನ ನೆತ್ತಿಗೆ ಏರಿದವನಿಗೆ ಇಳಿಯಲು ಬರಲಿಲ್ಲ. ಏರುವಾಗ ಹಿಡಿಯಬೇಕಾದ ಜಾಗ ಕಣ್ಣೆದುರೇ ಇರುತ್ತದೆ. ಇಳಿಯುವಾಗ ಕಾಲು ಮೊದಲು ಹೋಗಬೇಕು, ಅದು ಹೋಗುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಕಾದ ಕಲ್ಲಿನ ಮೇಲೆ ಆತ ಹೊತ್ತು ಇಳಿಯುವತನಕ ಕೂತಿದ್ದ. ಗೆಳೆಯರು ಬೈಗುಳಕ್ಕೆ ಹೆದರಿ ಊರಿಗೆ ತಡವಾಗಿ ಸುದ್ದಿ ಮುಟ್ಟಿಸಿದರು. ಕೊನೆಗೆ ಕುರಿ ಕಾಯುವ ಇಬ್ಬರು ಹಿಂಬದಿಯಿಂದ ಹತ್ತಿ, ಹಗ್ಗ ಬಿಟ್ಟು ಇಳಿಸಿಕೊಂಡರು. ತುಟಿ ಒಡೆದಿತ್ತು, ಅಂಗೈ ಸುಟ್ಟಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಅಂದಿನಿಂದ ಆ ಓಣಿಯ ಮಕ್ಕಳಿಗೆಲ್ಲ ಗುಡ್ಡ ಬಂದ್ ಆಯಿತು.

ಕೆಳಗೆ ಸೇರಿದ್ದ ಮಂದಿಯ ನಡುವೆ ನಾನೂ ಇದ್ದೆ. ನನಗೆ ಕಂಡದ್ದು ಇಷ್ಟು: ಆ ಹುಡುಗ ಹತ್ತುವುದನ್ನು ತಾನೇ ಕಲಿತಿದ್ದ, ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ. ಬಾವಿ ಇರುವ ಊರಿನಲ್ಲಿ ಹಿರಿಯರು ಮಕ್ಕಳ ಬೆನ್ನಿಗೆ ಬೆಂಡು ಕಟ್ಟಿ, ತಾವೂ ನೀರಿಗಿಳಿದು ಈಜು ಕಲಿಸುತ್ತಿದ್ದರು. ಬಾವಿಗೆ ಹೋಗಬೇಡ ಎಂದಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. ಗುಡ್ಡದ ಕೆಳಗೆ ಬಾಳುವ ನಾವು ಕಲ್ಲು ಹತ್ತಿ ಇಳಿಯುವುದನ್ನು ಯಾಕೆ ಕಲಿಸುತ್ತಿಲ್ಲ?

ಕಲಿಸುವುದು ಕಷ್ಟವಲ್ಲ. ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಮಂದಿ ಹೋದಾಗ ತಮ್ಮನ ಮಗಳೂ ಜೊತೆಗಿದ್ದಳು. ಮೂರನೆಯ ತರಗತಿಯ ಹುಡುಗಿ, ಪೇಟೆಯಲ್ಲಿ ಬೆಳೆದವಳು. ಎರಡು ಗುಂಡುಗಳ ನಡುವೆ ಆಳೆತ್ತರದ ಓರೆ ಬಂಡೆ. ಹಿಡಿಯಲು ಒಂದು ಬಿರುಕು ಇದೆ, ಕಾಲಿಡಲು ಮೇಲ್ನೋಟಕ್ಕೆ ಏನೂ ಇಲ್ಲ. ಅವಳು ಬಿರುಕಿಗೆ ಬೆರಳು ತುರುಕಿ, ಬರೀ ತೋಳಿನ ಬಲದಲ್ಲಿ ಮೈ ಎಳೆದುಕೊಳ್ಳಲು ನೋಡಿದಳು. ಕಾಲು ಜಾರಿತು. “ಅತ್ತಿ, ಕಾಲು ಎಲ್ಲಿ ಇಡ್ಲಿ? ಏನೂ ಇಲ್ಲಲ್ಲ.” “ಕೈ ಬಿಡು, ಒಂದು ಮಾರು ಹಿಂದ ಸರಿ, ಕಲ್ಲು ನೋಡು” ಅಂದೆ. ನೋಡಿದಳು. ಗುಲಾಬಿ ಹರಳೊಂದು ಬಂಡೆಯ ಮೈಯಿಂದ ಹೆಬ್ಬೆರಳಿನಷ್ಟು ಉಬ್ಬಿತ್ತು. ಅದರ ಮೇಲೊಂದು ಅಂಗೈಯಗಲದ ತಗ್ಗು. ಶೂ ತುದಿಯನ್ನು ಹರಳಿನ ಮೇಲಿಟ್ಟಳು, ಹಿಮ್ಮಡಿ ಕೆಳಗೆ ಬಿಟ್ಟಳು, ಮೆಲ್ಲಗೆ ಭಾರ ಹಾಕಿದಳು. ನಿಂತಿತು. ಆ ಹೊತ್ತಿಗೆ ಅವಳು ಉಸಿರು ಹಿಡಿದುಕೊಂಡಿದ್ದು ನನಗೆ ಕೆಳಗಿನಿಂದಲೇ ಗೊತ್ತಾಗುತ್ತಿತ್ತು. ಇನ್ನೊಂದು ಕಾಲು ತಗ್ಗಿಗೆ ಹೋಯಿತು, ಕೈ ಬಂಡೆಯ ಅಂಚಿಗೆ ಸಿಕ್ಕಿತು. ಮೇಲೆ ಹೋದವಳೇ ಮಾಡಿದ ಮೊದಲ ಕೆಲಸ, ತನ್ನ ತಮ್ಮನಿಗೆ ಆ ಹರಳನ್ನು ತೋರಿಸಿದ್ದು.

ಇಳಿಸುವಾಗ ಇನ್ನೂ ನಿಧಾನ ಮಾಡಿದೆವು. ಮಗುವಿನ ಹೊಟ್ಟೆ ಬಂಡೆಯ ಕಡೆ ಇರಬೇಕು, ಬೆನ್ನು ಬಯಲಿಗೆ. ನಾನು ಕೆಳಗೆ ನಿಂತು ಅವಳ ಹಿಮ್ಮಡಿ ಹಿಡಿದು ತಗ್ಗಿನಲ್ಲಿ ಕೂರಿಸಿದೆ, ಆಮೇಲೆ ಹರಳಿನ ಮೇಲೆ. ಎರಡನೆಯ ಸಲ ಬರೀ ಬಾಯಲ್ಲಿ ಹೇಳಿದೆ. ಆಮೇಲೆ ನನ್ನ ಕೈ ಬೇಕಾಗಲಿಲ್ಲ, ಆದರೂ ಕೆಳಗೇ ನಿಂತಿದ್ದೆ.

ಆ ಹರಳಿನ ವಯಸ್ಸು ಮಕ್ಕಳಿಗೆ ಹೇಳಿ. ನಮ್ಮ ಸೀಮೆಯ ಈ ಗ್ರಾನೈಟ್, ನೈಸ್ ಶಿಲೆಗಳು ಸುಮಾರು 250 ಕೋಟಿ ವರ್ಷ, ಅದಕ್ಕೂ ಹಿಂದಿನವು. ಭೂಮಿಯೊಳಗೆ ಆಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳುಗಳು ಇಷ್ಟು ದಪ್ಪ ಬೆಳೆದವು. ಮೇಲಿನ ನೆಲ ಸವೆದು ಭಾರ ಇಳಿದ ಮೇಲೆ ಬಂಡೆ ಪದರ ಪದರವಾಗಿ ಬಿರಿಯಿತು. ಬಿರುಕಿಗೆ ಇಳಿದ ನೀರು ಮೂಲೆಗಳನ್ನು ತಿಂದು ಚೌಕ ಕಲ್ಲನ್ನು ಗುಂಡಾಗಿಸಿತು. ಮಕ್ಕಳನ್ನು ಇಂಥ ಕಲ್ಲುಗುಡ್ಡಕ್ಕೆ ಕರೆದೊಯ್ಯುವುದು ಬೇರೆ ಕಡೆಯೂ ಇದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲಿ ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಕಲ್ಲುಗುಡ್ಡಗಳನ್ನು ಕೈಕಾಲೂರಿ ಹತ್ತುತ್ತಾರೆ. ಆ ದೇಶದಲ್ಲೇ ಎತ್ತರವಾದ, ಅಲ್ಲಿಯ ಸ್ಕಾಫೆಲ್ ಪೈಕ್ ಬೆಟ್ಟ 978 ಮೀಟರ್. ಅಲ್ಲಿಯ ಕಲ್ಲಿನ ವಯಸ್ಸು 45 ಕೋಟಿ ವರ್ಷದ ಆಸುಪಾಸು, ನಮ್ಮ ಕಲ್ಲಿನ ಮುಂದೆ ಎಳೆಯದು. ಆ ನಾಡಿನಲ್ಲಿ ಬಡವರಿಗೆ ಎಲ್ಲ ಬೆಟ್ಟಗಳೂ ತೆರೆದಿರಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಯುವಕ ಯುವತಿಯರು ಜಮೀನ್ದಾರರು ಬೇಟೆಗಾಗಿ ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ನುಗ್ಗಿದರು, ಕೆಲವರು ಜೈಲಿಗೂ ಹೋದರು. ನಡೆದಾಡುವ ಹಕ್ಕಿಗೆ ಅಷ್ಟು ಬೆಲೆ ತೆತ್ತವರಿದ್ದಾರೆ. ನಮ್ಮೂರ ಗುಡ್ಡಕ್ಕೆ ಕುರಿ ಕಾಯುವವರು ಹೋಗುತ್ತಾರೆ, ಕಟ್ಟಿಗೆಗೆ ಹೆಂಗಸರು ಹೋಗುತ್ತಾರೆ, ಸೀತಾಫಲದ ಕಾಲಕ್ಕೆ ಬುಟ್ಟಿ ಹಿಡಿದವರು ಹೋಗುತ್ತಾರೆ. ಶಾಲೆ ಕಲಿಯುವ ಮಕ್ಕಳಿಗೆ ಮಾತ್ರ ಅದು ದೂರವಾಗಿದೆ.

ಎಲ್ಲಿಂದ ಶುರು ಮಾಡಬೇಕೆಂದು ಕೇಳುವಿರಿ. ರಾಯಚೂರು ನಗರದವರು ಕೋಟೆಯಿಂದಲೇ ಶುರು ಮಾಡಿ. 1294ರ ಶಾಸನ ಕೆತ್ತಿದ ಆ ಮಹಾ ಗಾತ್ರದ ಕಲ್ಲನ್ನು ಮಕ್ಕಳಿಗೆ ತೋರಿಸಿ, ಇಂಥ ಕಲ್ಲನ್ನು ಎಳೆದು ತಂದದ್ದು ಹೇಗೆ ಎಂದು ಕೇಳಿ, ಆಮೇಲೆ ಗುಡ್ಡದ ಮೇಲಿನ ಬಾಲಾಹಿಸಾರ ಎಂಬ ಮೇಲುಕೋಟೆಗೆ ಹತ್ತಿ. ಚಿಕ್ಕ ಮಕ್ಕಳ ಕಾಲಿಗೆ ಅದು ಹದವಾದ ಏರು. ದೇವದುರ್ಗ, ಮಾನ್ವಿಯವರಿಗೆ ಊರಿನ ಸುತ್ತಲೇ ಗುಡ್ಡಗಳಿವೆ. ಇಡೀ ದಿನ ಬಿಡುವಿದ್ದವರು ಮಸ್ಕಿಗೆ ಹೋಗಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಅಶೋಕನ ಶಾಸನವನ್ನು ಕಂಡ. ಅದುವರೆಗೆ ಬರೀ ‘ದೇವಾನಾಂಪ್ರಿಯ’ ಎಂದೇ ಕಾಣುತ್ತಿದ್ದ ರಾಜ ಅಶೋಕನೇ ಎಂಬುದು ಆ ಕಲ್ಲಿನಿಂದ ಗಟ್ಟಿಯಾಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದೊಡ್ಡದನ್ನು ಸಾಧಿಸಬಲ್ಲರು ಎಂಬುದು ಆ ಶಾಸನದ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಷ್ಟು ದೂರದ ಪಾಟಲಿಪುತ್ರದ ಅರಸನೊಬ್ಬ ಆ ಮಾತನ್ನು ನಮ್ಮ ಗುಡ್ಡದ ಕಲ್ಲಿನ ಮೇಲೆ ಬರೆಸಿದ್ದಾನೆ. ಮುದಗಲ್ ಹತ್ತಿರದ ಪಿಕ್ಲಿಹಾಳದ ಬಂಡೆಗಳಲ್ಲಿ ಹೊಸ ಶಿಲಾಯುಗದ ದನಗಾಹಿಗಳು ಬಿಡಿಸಿದ ಎತ್ತುಗಳಿವೆ. ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ಮಾಡಿ 1960ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ಇನ್ನು ಹೋಗುವ ರೀತಿ. ದಯವಿಟ್ಟು ಇದನ್ನು ಗಮನವಿಟ್ಟು ಓದಿ, ಮನೆಯಲ್ಲಿ ಇನ್ನೊಬ್ಬರಿಗೂ ಓದಿ ಹೇಳಿ.

ನವೆಂಬರಿನಿಂದ ಫೆಬ್ರವರಿ ಮೊದಲ ಭಾಗದವರೆಗೆ ಮಾತ್ರ ಹೋಗಿ. ನಮ್ಮ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಬಂಡೆಗೆ ಕೈ ತಾಗಿಸಲಾಗದು, ಮಳೆಗಾಲದಲ್ಲಿ ಅದೇ ಬಂಡೆ ಜಾರುತ್ತದೆ. ಬೆಳಕು ಹರಿಯುತ್ತಲೇ ಹೊರಟು, ಬಿಸಿಲೇರುವುದರೊಳಗೆ ಇಳಿದು, ಕೆಳಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ. ಹಿಂದಿನ ದಿನವೇ ಕುರಿಗಾಹಿಗಳನ್ನು ಕೇಳಿ. ಯಾವ ಬದಿಯ ದಾರಿ ಸುಲಭ, ಹೆಜ್ಜೇನು ಎಲ್ಲಿ ಕಟ್ಟಿದೆ, ಕಾಡುಪ್ರಾಣಿಯ ಸುಳಿವು ಇದೆಯೇ ಎಂಬುದು ಅವರಿಗೆ ಗೊತ್ತು. ಚಿರತೆಯದೋ ಕರಡಿಯದೋ ಸುದ್ದಿ ಇದ್ದರೆ ಆ ಗುಡ್ಡ ಬೇಡ, ಅರಣ್ಯ ಇಲಾಖೆಯವರ ಮಾತು ಮೀರಬೇಡಿ.

ಚಪ್ಪಲಿ ಬೇಡ, ಬೆರಳು ಮುಚ್ಚುವ, ಅಡಿ ಸವೆಯದ ಕ್ಯಾನ್ವಾಸ್ ಶೂ ಸಾಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ, ಬಿಸಿಲಿಗೊಂದು ಟವೆಲ್. ಮುಂದೆ ಒಬ್ಬ ಹಿರಿಯರು, ಹಿಂದೆ ಒಬ್ಬರು, ನಡುವೆ ಮಕ್ಕಳು. ಒಬ್ಬರು ಹತ್ತುತ್ತಿರುವಾಗ ಉರುಳುಗಲ್ಲಿನ ದಾರಿಯಲ್ಲಿ ಇನ್ನೊಬ್ಬರು ನಿಲ್ಲಬಾರದು. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಕಲ್ಲಿನ ಮೇಲಿರಲಿ, ಒಂದೇ ಕದಲಲಿ. ಹಿಡಿಯುವ ಮುನ್ನ ಕಲ್ಲನ್ನು ತಟ್ಟಿ ನೋಡಲು ಕಲಿಸಿ: ಟೊಳ್ಳು ಸದ್ದು ಬಂದರೆ ಅದು ಬಿಟ್ಟುಕೊಂಡ ಪದರ, ನೆಚ್ಚಬೇಡಿ. ಬಂಡೆಯ ಮೇಲೆ ಮಳೆನೀರು ಹರಿದ ಕಪ್ಪು ಪಟ್ಟೆಗಳು ಇಬ್ಬನಿ ಬಿದ್ದ ಮುಂಜಾವಿನಲ್ಲಿ ಜಾರುತ್ತವೆ. ಹಿರಿಯರ ಎತ್ತರ ಮೀರಿದ ಬಂಡೆಗೆ ಮಕ್ಕಳನ್ನು ಹತ್ತಿಸಬೇಡಿ. ಇಳಿಯಲು ಬಾರದ ಜಾಗಕ್ಕೆ ಏರಲೇಬೇಡಿ. ಹಗ್ಗ ಕಟ್ಟಿ ಹತ್ತುವುದು ಬೇರೆಯೇ ವಿದ್ಯೆ. ಆಸೆ ಇರುವ ಮಕ್ಕಳಿಗೆ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಅಲ್ಲಿ ತರಬೇತಾದವರ ಕೈಯಲ್ಲಿ ಕಲಿಯಲಿ.

ನನಗೆ ಹಾವಿಗಿಂತ ಹೆಚ್ಚಿನ ಅಂಜಿಕೆ ಹೆಜ್ಜೇನಿನದು. ಚಾಚಿದ ಬಂಡೆಯ ಕೆಳಗೆ ಕರಿ ಹಲ್ಲೆಗಳು ಜೋತಿದ್ದರೆ ಅಲ್ಲಿಂದಲೇ ಹಿಂದಿರುಗಿ. ಕೂಗು, ಕಲ್ಲೆಸೆತ, ಹೊಗೆ, ಘಮಘಮಿಸುವ ಸೆಂಟು ಯಾವುದೂ ಬೇಡ. ಕಾಣದ ಬಿರುಕಿಗೆ ಕೈ ಹಾಕಬಾರದು, ಕಲ್ಲು ಮಗುಚಬಾರದು ಎಂಬುದನ್ನು ಮೊದಲೇ ಹೇಳಿಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಆ ಕೈಯನ್ನೋ ಕಾಲನ್ನೋ ಅಲುಗಿಸದೆ, 108ಕ್ಕೆ ಫೋನ್ ಮಾಡಿ ನೆಟ್ಟಗೆ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ಸರ್ಕಾರ 2024ರಲ್ಲಿ ಆದೇಶ ಮಾಡಿದೆ, ಅಷ್ಟು ಗಂಭೀರವಾದ ಸಂಗತಿ ಇದು.

ಮಗು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ. “ಅಂಜುಬುರುಕ” ಎನ್ನಬೇಡಿ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ನಾರ್ವೆ ದೇಶದವರು ಬೆಟ್ಟಕ್ಕೆ ಹೋಗುವವರಿಗೆಂದು ಮಾಡಿಕೊಂಡ ನಿಯಮಗಳಲ್ಲಿ, ಹೊತ್ತಿಗೆ ಸರಿಯಾಗಿ ಹಿಂದಿರುಗುವುದು ನಾಚಿಕೆಯ ಮಾತಲ್ಲ ಎಂಬುದೂ ಒಂದು. ಅಲ್ಲಿ ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಅರ್ಧ ಗುಡ್ಡ ಹತ್ತಿ, ದೊಣೆಯಲ್ಲಿ ನಿಂತ ಮಳೆನೀರಿನ ಗೊದಮೊಟ್ಟೆ ನೋಡಿ, ಬಾರೆಹಣ್ಣು ಆರಿಸಿ ಬಂದರೂ ದಿನ ತುಂಬಿದಂತೆಯೇ.

ತಾಯಂದಿರಲ್ಲಿ ಒಂದು ಬೇರೆ ಮಾತು. ಗಂಡುಹುಡುಗರು ಗುಡ್ಡದ ನೆತ್ತಿಯಲ್ಲಿ, ಹೆಣ್ಣುಮಕ್ಕಳು ಕೆಳಗೆ ಬುತ್ತಿ ಕಾಯುತ್ತಾ ಚಾಪೆಯ ಮೇಲೆ — ಇದನ್ನು ಬೇಕಾದಷ್ಟು ನೋಡಿದ್ದೇನೆ. ಹೊಲದಲ್ಲಿ ದಿನವಿಡೀ ಹತ್ತಿ ಬಿಡಿಸಲು, ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಇಳಿಯಲು ಬರುವ ಹೆಣ್ಣಿಗೆ ಬಂಡೆ ಹತ್ತುವುದು ಬಾರದೆಂದು ಯಾರು ಹೇಳಿದರು? ಮಗಳಿಗೆ ಆ ದಿನ ಚೂಡಿದಾರದ ವೇಲ್ ಬೇಡ, ಪ್ಯಾಂಟೋ ಟ್ರ್ಯಾಕ್ ಸೂಟೋ ಹಾಕಿಸಿ. ನೀವೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹತ್ತಿ. ಬುತ್ತಿಯನ್ನು ಗಂಡಸರು ಹೊರಲಿ.

ಎಲ್ಲರಿಗೂ ಇಂಥ ಭಾನುವಾರ ಸಿಗುವುದಿಲ್ಲ ಎಂಬುದೂ ನನಗೆ ಗೊತ್ತು. ದೇವದುರ್ಗ, ಮಾನ್ವಿಯ ಎಷ್ಟೋ ಮನೆಗಳ ತಾಯಿ-ತಂದೆ ಗುಳೆ ಹೋಗಿ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ನಿಂತಿದ್ದಾರೆ, ಮಕ್ಕಳು ಅಜ್ಜ-ಅಜ್ಜಿಯರ ಹತ್ತಿರ ಉಳಿದಿದ್ದಾರೆ. ಮಂಡಿನೋವಿನ ಮುತ್ಯಾ ಮೊಮ್ಮಗನ ಜೊತೆ ಗುಡ್ಡ ಹತ್ತಲಾರ. ನೀವು ಹೋಗುವ ದಿನ ಓಣಿಯ ಅಂಥ ಒಂದೆರಡು ಮಕ್ಕಳನ್ನು, ಮನೆಯ ಹಿರಿಯರನ್ನು ಕೇಳಿ, ಜೊತೆಗೆ ಕರೆದುಕೊಳ್ಳಿ. ಅವರ ಪಾಲಿನ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುವುದು ಯಾರಿಗೂ ಭಾರವಾಗದು.

ಗುಡ್ಡದ ಪರವಾಗಿಯೂ ನಿಮ್ಮನ್ನು ಬೇಡಿಕೊಳ್ಳುವುದಿದೆ. ನಮ್ಮ ಸೀಮೆಯ ಕಲ್ಲಿಗೆ ಬೆಲೆ ಇದೆ. ಗುಡ್ಡ ಒಡೆದು ಚಪ್ಪಡಿಯಾಗುತ್ತದೆ, ಜಲ್ಲಿಯಾಗುತ್ತದೆ. ಮನೆ ಕಟ್ಟಲು ಜಲ್ಲಿ ಬೇಕು, ಅದನ್ನು ನಾನು ಬೇಡವೆನ್ನಲಾರೆ. ಆದರೆ ಊರಿನ ಯಾವ ಗುಡ್ಡ ಉಳಿಯಬೇಕು ಎಂಬ ಪ್ರಶ್ನೆ ಗ್ರಾಮಸಭೆಗೆ ಬಂದ ದಿನ ಕೈಯೆತ್ತಲು ಆ ಗುಡ್ಡವನ್ನು ಬಲ್ಲವರು ಬೇಕು. ಅದರ ಗವಿ, ದೊಣೆ, ನವಿಲು ಕೂರುವ ಬಂಡೆ ಗೊತ್ತಿಲ್ಲದವರಿಗೆ ಅದು ಬರೀ ಸರ್ವೆ ನಂಬರ್. ಹೋದಾಗ ಕಲ್ಲಿನ ಮೇಲೆ ಬಣ್ಣದಲ್ಲಿ ಹೆಸರು ಬರೆಯಬೇಡಿ, ಬರೆಯುವವರನ್ನು ತಡೆಯಿರಿ. ಒಯ್ದ ಬಾಟಲಿ, ಕುರ್ಕುರೆ ಪೊಟ್ಟಣಗಳನ್ನು ತಿರುಗಿ ತನ್ನಿ. ಒಡೆದ ಗಾಜು ಕಂಡರೆ ಅದನ್ನೂ ಆರಿಸಿ ತನ್ನಿ. ಕುರಿಗಾಹಿಗಳು ಬರಿಗಾಲಲ್ಲಿ ಅಲ್ಲೇ ನಡೆಯುತ್ತಾರೆ. ಗುಡ್ಡದಲ್ಲಿ ಗುಡಿಯಿರಲಿ, ದರ್ಗಾ ಇರಲಿ, ಅಲ್ಲಿಯ ನಡಾವಳಿ ಕೇಳಿಕೊಂಡೇ ಮುಂದೆ ಹೋಗಿ.

ಎಸ್‌ಡಿಎಂಸಿ ಸಭೆಗೆ ಹೋಗುವ ಪಾಲಕರಲ್ಲಿ ಕೊನೆಯ ವಿನಂತಿ. ಈ ವರ್ಷದ ಶಾಲಾ ಪ್ರವಾಸದ ಮಾತು ಬಂದಾಗ, ದೂರದ ವಾಟರ್ ಪಾರ್ಕಿನ ಜೊತೆಗೆ ಹತ್ತಿರದ ಗುಡ್ಡದ ಹೆಸರನ್ನೂ ಎತ್ತಿ. ಬಸ್ಸಿನ ಖರ್ಚು ಕಡಿಮೆ, ರಾತ್ರಿಯ ವಸತಿ ಬೇಕಿಲ್ಲ, ಬಡ ಮಕ್ಕಳು ಹಣಕ್ಕಾಗಿ ಹಿಂದೆ ಉಳಿಯುವ ಪ್ರಸಂಗ ಬಾರದು. ಎಂಟು ಹತ್ತು ಮಕ್ಕಳಿಗೊಬ್ಬ ಹಿರಿಯರಂತೆ ಪಾಲಕರೇ ಜೊತೆಗೆ ನಡೆಯಿರಿ. ವಿಜ್ಞಾನದ ಮೇಷ್ಟ್ರು ಕಲ್ಲಿನ ಪಾಠ ಅಲ್ಲೇ ಮಾಡಲಿ. ನೀರಮಾನ್ವಿಯ ಕಡೆ ಬರುವುದಾದರೆ ಒಂದು ದಿನ ಮೊದಲು ತಿಳಿಸಿ. ಮೊಣಕಾಲು ಇನ್ನೂ ಗಟ್ಟಿಯಿದೆ, ನಾನೂ ಬರುತ್ತೇನೆ. ಇಳಿಯುವಾಗ ಕೆಳಗೆ ನಿಂತು ಮಕ್ಕಳ ಹಿಮ್ಮಡಿ ಹಿಡಿಯಲು ಒಬ್ಬರು ಹೆಚ್ಚಿಗೆ ಇದ್ದರೆ ಒಳ್ಳೆಯದು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ
ನೀರಮಾನ್ವಿ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ